ಕೇಳುವ ಕೋಣೆ

ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಕೂತಿದ್ದಾಗ ಹೂಂ ಎಡಗೈ ಎತ್ತಿದಳು.

ಎತ್ತಿದ್ದು ಭುಜದ ಮಟ್ಟಕ್ಕೆ ಅಷ್ಟೆ, ತೋರುಬೆರಳು ಮಾತ್ರ ನೆಟ್ಟಗೆ. ಎರಡು ಕ್ಷಣ ಹಾಗೇ ಹಿಡಿದು ಇಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಮೂರನೇ ಸಲ ಬೆರಳು ಮೇಲೇಳುವ ಹೊತ್ತಿಗೆ ಆ ಹಾಲಿನಲ್ಲಿ ಪೂರ್ತಿ ಕಣ್ಣು ಮುಚ್ಚಿದ್ದವಳು ಅವಳೊಬ್ಬಳೇ. ಟೈಲರಮ್ಮ ಒಂದು ಕಣ್ಣು ತೆರೆದಿದ್ದಳು, ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಒಂದೂವರೆ, ದೊಡ್ಡಕ್ಕ ಎರಡನ್ನೂ.

ಹಾಲು ದೊಡ್ಡಕ್ಕನ ಮನೆಯದು. ಶನಿವಾರ ಮಧ್ಯಾಹ್ನದ ಪ್ರಾರ್ಥನಾ ಕೂಟವೂ ದೊಡ್ಡಕ್ಕನದೇ. ಇಪ್ಪತ್ತೆರಡು ವರ್ಷದಿಂದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಹಾಡು ಎತ್ತಿಕೊಡುವವಳು ಅವಳು, ಎಲ್ಲರ ಕೋರಿಕೆಗಳನ್ನು ಸೇರಿಸಿ ದೇವರಿಗೆ ಒಪ್ಪಿಸುವವಳು ಅವಳು, ಕೊನೆಯ ಐದು ನಿಮಿಷದ ಮೌನವನ್ನು ಒಮ್ಮೆ ಕೆಮ್ಮಿ ಮುಗಿಸುವವಳೂ ಅವಳೇ. ಹೂಂ ಅವಳ ಓರಗಿತ್ತಿ, ಮೈದುನನ ಹೆಂಡತಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮನೆಗೆ ಬಂದಾಗ ಯಾರು ಏನು ಹೇಳಿದರೂ ‘ಹೂಂ’ ಅನ್ನುತ್ತಿದ್ದಳು. ಅತ್ತೆ ಕರೆದರೆ ಹೂಂ, ಬೈದರೆ ಹೂಂ, ಊಟ ಆಯಿತಾ ಎಂದರೆ ಆಗದಿದ್ದರೂ ಹೂಂ. ಅದೇ ಹೆಸರಾಗಿ ನಿಂತಿತು. ಈಗ ಅವಳಿಗೆ ನಲವತ್ತೆರಡು.

"ಏನಮ್ಮಾ ಅದು?" ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು.

ಹೂಂ ಕಣ್ಣು ಬಿಟ್ಟಳು. ತನ್ನ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಮುಖ ಕೆಂಪಾಯಿತು. "ಏನಿಲ್ಲ ಮಿಸ್. ಅಭ್ಯಾಸ ಅಷ್ಟೆ. ಒಂದು ಸದ್ದು ಕೇಳಿಸ್ತು."

"ಎಂಥ ಸದ್ದು?"

"ಸಣ್ಣದು. ತುಂಬ ಮೇಲಿಂದು."

"ಮೇಲಿಂದ," ಎಂದು ಟೈಲರಮ್ಮ ಪಕ್ಕಕ್ಕೆ ದಾಟಿಸಿದಳು.

"ನಾಲ್ಕು ಸಾವಿರ ಇರಬಹುದು," ಎಂದಳು ಹೂಂ, ತಪ್ಪನ್ನು ಸರಿಪಡಿಸುವ ಆತುರದಲ್ಲಿ.

"ನಾಲ್ಕು ಸಾವಿರ ಏನು?"

"ಹರ್ಟ್ಸ್."

"ಹಾರ್ಟಿಂದ ಕೇಳಿಸ್ಕೊಂಡಳಂತೆ," ಎಂದಳು ಟೈಲರಮ್ಮ. ಅವಳ ಕಿವಿಗೆ ಮೂವತ್ತು ವರ್ಷದ ಹೊಲಿಗೆ ಯಂತ್ರದ ಸದ್ದು ಬಡಿದಿತ್ತು; ಬಂದ ಮಾತನ್ನು ತನ್ನ ಅಳತೆಗೆ ಕತ್ತರಿಸಿ ಹೊಲಿದುಕೊಳ್ಳುವುದು ಅವಳಿಗೆ ರೂಢಿ.

ಔಷಧಿ ಅಂಗಡಿಯವರ ಸೊಸೆ, ಕೂಟದಲ್ಲಿ ಎಲ್ಲರಿಗಿಂತ ಚಿಕ್ಕವಳು, ಮೆಲ್ಲಗೆ ಹೇಳಿದಳು: "ನನಗೂ ಏನೋ ಕುಯ್ ಅಂದ ಹಾಗಾಯ್ತು. ಸೊಳ್ಳೆ ಅಂದ್ಕೊಂಡೆ."

"ಅವರವರ ಯೋಗ್ಯತೆಗೆ ತಕ್ಕ ಹಾಗೆ ಕೇಳಿಸುತ್ತೆ ಬಿಡು," ಎಂದರು ಹೆಡ್‌ಮಿಸ್ಟ್ರೆಸ್. ಆಮೇಲೆ ಹೂಂ ಕಡೆ ತಿರುಗಿ, ಇಡೀ ಶಾಲೆಗೆ ಮೊದಲಿಗಳಾಗಿ ಬಂದವಳನ್ನು ನೋಡುವ ಹಾಗೆ ನೋಡಿದರು.

ಹರ್ಟ್ ಆದದ್ದು ದೊಡ್ಡಕ್ಕನಿಗೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಶನಿವಾರ ಬಂದು ಹೋದವೋ, ಒಂದು ದಿನವೂ ಯಾರೂ ಅವಳನ್ನು ‘ನಿನಗೇನು ಕೇಳಿಸಿತು’ ಎಂದು ವಿಚಾರಿಸಿರಲಿಲ್ಲ. ವಿಚಾರಿಸಿದ್ದರೆ ಹೇಳಲು ಏನೂ ಇರಲಿಲ್ಲ ಎಂಬುದು ಬೇರೆ ಮಾತು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ ಹೂಂ ವಿಷಯ ಬಿಡಿಸಿ ಹೇಳಿದಳು. ಎದುರುಮನೆ ಅಜ್ಜಿ ಪ್ರಾರ್ಥನೆಗೆ ಕೂರುವಾಗ ಕಿವಿಯ ಮಿಷನ್ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳುತ್ತಾಳೆ. ದೇವರ ಜೊತೆ ಮಾತಾಡೋಕೆ ಬ್ಯಾಟರಿ ಯಾಕೆ ಖರ್ಚು ಮಾಡಬೇಕು ಅಂತ. ಆರಿಸುವುದು ಮರೆತರೆ ಅದು ಚೀಲದೊಳಗೇ ಬಿಟ್ಟು ಬಿಟ್ಟು ಶಿಳ್ಳೆ ಹೊಡೆಯುತ್ತದೆ. ಹೂಂ ಕೆಲಸ ಮಾಡುವುದು ಆಸ್ಪತ್ರೆಯಲ್ಲಿ, ಜನರ ಕಿವಿ ಪರೀಕ್ಷೆ ಮಾಡುವ ವಿಭಾಗದಲ್ಲಿ. ಸದ್ದು ಕೇಳಿಸಿದರೆ ಬೆರಳೆತ್ತಿ, ನಿಂತರೆ ಇಳಿಸಿ ಎಂದು ದಿನಕ್ಕೆ ಇಪ್ಪತ್ತು ಜನಕ್ಕೆ ಹೇಳುತ್ತಾಳೆ. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ದಿನಾ ಬೆಳಿಗ್ಗೆ ಮೊದಲ ಪರೀಕ್ಷೆ ತನ್ನ ಕಿವಿಗೇ. ಆರು ವರ್ಷದಲ್ಲಿ ಬೆರಳು ಪಳಗಿಬಿಟ್ಟಿದೆ, ಯಜಮಾನಿಯ ಅಪ್ಪಣೆಗೆ ಕಾಯುವುದಿಲ್ಲ.

"ಮಾನ ಹೋಯ್ತು ಅಕ್ಕ. ನಿಜ ಹೇಳೋಣ ಅಂದ್ರೆ ಅಷ್ಟರಲ್ಲಿ ಅಜ್ಜಿ ಮಿಷನ್ ಹಾಕ್ಕೊಂಡ್ರು, ಸದ್ದು ನಿಂತೋಯ್ತು. ಎಲ್ಲರೆದುರು ನಿಮ್ಮ ಚೀಲ ಅಂತ ಹೇಗೆ ಹೇಳ್ಲಿ ಪಾಪ. ಹೋಗ್ಲಿ, ನಿಮಗಂತೂ ಗೊತ್ತಾಗಿರುತ್ತಲ್ಲ. ಚೀಲ ನಿಮ್ಮ ಕಾಲ ಹತ್ರಾನೇ ಇತ್ತು."

ಲೋಟ ಒರೆಸುತ್ತಿದ್ದ ಬಟ್ಟೆ ಅಲ್ಲೇ ನಿಂತಿತು.

"ಗೊತ್ತಾಗದೇ ಏನು," ಎಂದಳು ದೊಡ್ಡಕ್ಕ. "ಕೇಳಿಸಿದ್ದಕ್ಕೆಲ್ಲ ಕೈ ಎತ್ತೋ ಅಭ್ಯಾಸ ನನಗಿಲ್ಲ."

ಹೂಂ ಒಂದು ಕ್ಷಣ ಅವಳನ್ನೇ ನೋಡಿ, ಮುಂದಿನ ಲೋಟ ಕೈಗೆತ್ತಿಕೊಂಡಳು.

ದೊಡ್ಡಕ್ಕನಿಗೆ ಕೇಳಿಸಿರಲಿಲ್ಲ. ಕಾಲಬುಡದಲ್ಲಿ ಮೂರು ಸಲ ಕೂಗಿದ್ದು ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ದೇವರೇ ಬಂದು ಹೂಂಳನ್ನು ಕರೆದಿದ್ದರೂ ಹೇಗೋ ಸಹಿಸಬಹುದಿತ್ತು, ದೊಡ್ಡವರ ಇಷ್ಟ. ಒಂದು ಕೈಚೀಲ ಕೂಡ ತನ್ನನ್ನು ಬಿಟ್ಟು ಅವಳನ್ನು ಕರೆಯಬೇಕೇ.

ಈ ಕಿಚ್ಚು ಅವತ್ತು ಹತ್ತಿದ್ದಲ್ಲ. ಅವತ್ತು ಗಾಳಿ ಬಿದ್ದದ್ದು ಅಷ್ಟೆ.

ಶಾಲೆಯಲ್ಲಿ ಫಸ್ಟ್ ಕ್ಲಾಸ್ ಬಂದವಳು ದೊಡ್ಡಕ್ಕ. ಗಣಿತದಲ್ಲಿ ಎಂಬತ್ತೊಂಬತ್ತು. ಕಾಲೇಜಿನ ಸೀಟು ಸಿಕ್ಕ ಪತ್ರವೂ ಮದುವೆ ಗೊತ್ತಾದ ಸುದ್ದಿಯೂ ಒಂದೇ ವಾರ ಬಂದವು. ಮದುವೆಗೆ ಉತ್ತರ ಬರೆದರು, ಕಾಲೇಜಿಗೆ ಬರೆಯಲಿಲ್ಲ. ಅವಳ ಅಂಕಪಟ್ಟಿ ಈಗಲೂ ಬೀರುವಿನಲ್ಲಿ ಹಾಸಿಗೆ ಹೊದಿಕೆಗಳ ಕೆಳಗೆ ಇದೆ, ಚಳಿಗಾಲದಲ್ಲಿ ಒಮ್ಮೆ ಹೊರಗೆ ಬರುತ್ತದೆ. ಹೂಂ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಇನ್ನು ಸಾಕು ಎಂದು ಮದುವೆ ಮಾಡಿ ಕಳಿಸಲ್ಪಟ್ಟ ಹುಡುಗಿ. ಮೂವತ್ತೆರಡನೇ ವಯಸ್ಸಿನಲ್ಲಿ ಎರಡನೇ ಮಗು ಶಾಲೆಗೆ ಸೇರಿದ ಮೇಲೆ, ಅತ್ತೆಯನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಕೆಲಸ ಅವಳ ಪಾಲಿಗೆ ಬಂತು. ದೊಡ್ಡಕ್ಕನೇ ಹಂಚಿದ್ದು; ಕಾಯುವ ಕೆಲಸಕ್ಕೆ ಬುದ್ಧಿ ಬೇಡ ಎಂದು. ಆ ಕಾಯುವ ಬೆಂಚಿನ ಎದುರಿಗೇ ಗೋಡೆ ಮೇಲೆ ಎರಡು ವರ್ಷದ ತರಬೇತಿಯ ಪ್ರಕಟಣೆ ಇತ್ತು. ಹೂಂ ಅದನ್ನು ಏಳು ತಿಂಗಳು ಓದಿದಳು.

"ಸೇರ್ಕೊಳ್ಲಾ ಅಕ್ಕ?" ಎಂದು ಒಂದು ದಿನ ಕೇಳಿದಳು.

"ಸೇರ್ಕೋ. ನಾಲ್ಕು ದಿನ ಹೋಗಿ ಬಾ, ಗಾಳಿ ಬದಲಾದ ಹಾಗಾಗುತ್ತೆ," ಎಂದಿದ್ದಳು ದೊಡ್ಡಕ್ಕ.

ಮೊದಲು ಬಿಟ್ಟುಹೋದ ಗಣಿತ ಕಟ್ಟಬೇಕಿತ್ತು. ಊಟದ ಮೇಜಿನ ಮೇಲೆ ಪಾತ್ರೆ ಸರಿಸಿ ಪುಸ್ತಕ ಹರಡಿಕೊಂಡು ಕೂತ ಓರಗಿತ್ತಿಗೆ ದೊಡ್ಡಕ್ಕನೇ ಪಾಠ ಹೇಳಿದಳು. ‘ಡೆಸಿಬೆಲ್’ ಎಂಬ ಪದ ನೋಡಿ "ಯಾವ ದೇಶದ ಬೆಲ್ಲಮ್ಮಾ ಇದು" ಎಂದು ತಮಾಷೆ ಮಾಡಿದಳು. ಡೆಸಿಬೆಲ್ ತಿಳಿಯಲು ಲಾಗರಿದಮ್ ಬೇಕು. ಅದನ್ನು ಕಲಿಸುವಾಗ ದೊಡ್ಡಕ್ಕನ ಬೆರಳುಗಳು ಹದಿನೇಳರ ವಯಸ್ಸಿಗೆ ಹೋಗಿ ಬಂದವು. ಸಾಂಬಾರು ಹೊತ್ತಿಹೋದದ್ದೂ ತಿಳಿಯಲಿಲ್ಲ. ಲಾಗ್ ಹೇಳಿಕೊಟ್ಟವಳು ಅವಳು, ಲಾಗ ಹೊಡೆದು ಆಚೆ ದಡಕ್ಕೆ ಬಿದ್ದವಳು ಹೂಂ. ಫಲಿತಾಂಶ ಬಂದ ದಿನ ಹೂಂ ಅವಳ ಎರಡೂ ಕೈ ಹಿಡಿದು "ನಿಮ್ಮಿಂದಲೇ ಅಕ್ಕ" ಎಂದಳು. ದೊಡ್ಡಕ್ಕ ನಕ್ಕು, ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ ಬಹಳ ಹೊತ್ತು ಮುಖ ತೊಳೆದಳು.

ಓದು ಆ ಹುಡುಗಿಗೆ ಕಲಿಸಿದ್ದು, ದೊಡ್ಡಕ್ಕನ ಲೆಕ್ಕದಲ್ಲಿ, ಒಂದೇ ಅಕ್ಷರ: ಊ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು ದೊಡ್ಡಕ್ಕನ ಗಂಡ ಪತ್ರಿಕೆಯಿಂದ ತಲೆ ಎತ್ತದೆ, "ನೆಂಟರು ಬರ್ತಿದ್ದಾರೆ, ಎರಡು ದಿನ ರಜ ಹಾಕಮ್ಮಾ" ಎಂದ.

"ಊಹೂಂ," ಎಂದಳು ಅವಳು. "ಆಗಲ್ಲ ಭಾವ. ಹದಿನೆಂಟು ಜನಕ್ಕೆ ಸಮಯ ಕೊಟ್ಟಿದ್ದೀನಿ."

ದೊಡ್ಡಕ್ಕ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕಾದಳು. ಮನೆ ಬೀಳಬೇಕಿತ್ತು. ಗಂಡ "ಹೌದಾ, ಸರಿ" ಎಂದು ಪುಟ ತಿರುಗಿಸಿದ. ಇಷ್ಟೇನಾ ಎಂದು ದೊಡ್ಡಕ್ಕನಿಗೆ ಎದೆ ಉರಿಯಿತು. ಇಷ್ಟು ವರ್ಷ ತಾನು ನುಂಗಿಕೊಂಡ ಊಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಬಾಗಿಲಿನಿಂದ ಬೀದಿ ಕೊನೆಯ ತನಕ ಆಗುತ್ತಿತ್ತು, ಒಂದನ್ನಾದರೂ ಉಗುಳಿ ನೋಡಬಹುದಿತ್ತು.

ಆದರೆ ಸಂಬಳ, ಕೆಲಸ, ಊ ಇವೆಲ್ಲ ಅವಳಿಗಿರಲಿ. ದೇವರು ತನ್ನ ಇಲಾಖೆ ಎಂದು ದೊಡ್ಡಕ್ಕ ಮನಸ್ಸನ್ನು ಒಪ್ಪಿಸಿದ್ದಳು. ಕಿಟಕಿ ಪಕ್ಕದ ಆ ಕುರ್ಚಿ ಅವಳ ಕಾಲೇಜು, ಅವಳ ಆಫೀಸು, ಎರಡೂ. ಅಲ್ಲಿಯೂ ಹೂಂ ವಿಚಿತ್ರವಾಗಿ ಬದಲಾದಳು. ಹಿಂದೆ ದೊಡ್ಡಕ್ಕ ಒಪ್ಪಿಸುವ ಒಂದೊಂದು ಕೋರಿಕೆಗೂ ‘ಹೂಂ’ ಎಂದು ತಾಳ ಹಾಕುತ್ತಿದ್ದವಳು, ಈಗ ತನ್ನ ಸರದಿ ಬಂದಾಗ "ನಂದೇನಿಲ್ಲ ಅಕ್ಕ" ಎನ್ನತೊಡಗಿದಳು.

"ಯಾಕೆ, ಸಂಬಳ ಬರುತ್ತೆ ಅಂತ ದೇವರ ಹತ್ರ ಕೇಳೋದೂ ಬಿಟ್ಟುಬಿಟ್ಯಾ?" ಎಂದು ಒಮ್ಮೆ ಕುಟುಕಿದ್ದಳು.

"ಹಾಗಲ್ಲ ಅಕ್ಕ. ದಿನವಿಡೀ ‘ಕೇಳಿಸ್ತಾ, ಕೇಳಿಸ್ತಾ’ ಅಂತ ನಾನೇ ಕೇಳಿ ಕೇಳಿ ಸಾಕಾಗಿರುತ್ತೆ. ಇಲ್ಲಿ ಬಂದ್ರೆ ಸುಮ್ಮನೆ ಕೇಳಿಸ್ಕೊಳ್ಳೋಣ ಅನ್ಸುತ್ತೆ."

ಆಗ ಅದನ್ನು ಅಹಂಕಾರ ಎಂದು ತಳ್ಳಿಹಾಕಿದ್ದಳು. ಬೆರಳೆತ್ತಿದ ಶನಿವಾರದ ನಂತರ ಆ ಅಹಂಕಾರವೇ ಕೂಟದ ಸಿದ್ಧಾಂತವಾಯಿತು. ಅಜ್ಜಿಯ ಚೀಲದ ಕತೆಯನ್ನು ಹೂಂ ಮುಂದಿನ ವಾರ ಪ್ರಾಮಾಣಿಕವಾಗಿ ಹೇಳಿದಳು. ಯಾರೂ ನಂಬಲಿಲ್ಲ. "ಎಷ್ಟು ವಿನಯ ನೋಡು," ಎಂದರು. ಅಜ್ಜಿಯಂತೂ "ಚೀಲದ ಮೂಲಕ ಬಂದ್ರೂ ಬಂದಿದ್ದು ಬಂದಿದ್ದೇ" ಎಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಐದು ನಿಮಿಷದ ಮೌನ ಹದಿನೈದಾಯಿತು. ಹತ್ತು ನಿಮಿಷ ಎಲ್ಲಿಂದ ಬಂತು ಎಂದರೆ ದೊಡ್ಡಕ್ಕನ ಹಾಡಿನಿಂದ.

"ಕೇಳು ಅನ್ನೋ ಕ್ರಿಯಾಪದ ನೋಡಿ," ಎಂದರು ಹೆಡ್‌ಮಿಸ್ಟ್ರೆಸ್, ಸೀಮೆಸುಣ್ಣ ಹಿಡಿದವರ ಹಾಗೆ ಬೆರಳು ಕೂಡಿಸಿ. "ಬೇಡೋದೂ ಕೇಳೋದೇ, ಆಲಿಸೋದೂ ಕೇಳೋದೇ. ನಾವು ಇಷ್ಟು ವರ್ಷ ಮೊದಲನೇ ಅರ್ಥದಲ್ಲೇ ಕಾಲ ಕಳೆದ್ವಿ."

ಎಲ್ಲರೂ ನಿಟ್ಟುಸಿರು ಬಿಟ್ಟರು. ಮೊದಲನೇ ಅರ್ಥದ ಸಂಚಾಲಕಿ ಕುರ್ಚಿಯ ಮೇಲೆ ಬೆವರಿದಳು.

ಮರುದಿನದಿಂದ ದೊಡ್ಡಕ್ಕ ಗುಟ್ಟಾಗಿ ಎರಡನೇ ಅರ್ಥದ ಅಭ್ಯಾಸ ಶುರುಮಾಡಿದಳು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಮಲಗುವ ಕೋಣೆಯ ಬಾಗಿಲು ಹಾಕಿ, ಮಂಚದ ಅಂಚಿನಲ್ಲಿ ಕಣ್ಣು ಮುಚ್ಚಿ ಕೂತಳು. ಒಂದು ವಾರ ಏನೂ ಇಲ್ಲ. ಎಂಟನೇ ದಿನ ಇತ್ತು. ತಲೆಯ ನಡುವೆ ಎಲ್ಲೋ, ತೆಳ್ಳಗೆ, ಎಡೆಬಿಡದ ಒಂದು ಝೇಂಕಾರ. ಮೈ ಜುಂ ಎಂದಿತು. ಪೂರ್ತಿ ಎರಡು ದಿನ ಅದನ್ನು ಯಾರಿಗೂ ಹೇಳದೆ ಬಸುರಿನ ಹಾಗೆ ಕಾಪಾಡಿಕೊಂಡಳು. ಮೂರನೇ ದಿನ ತಡೆಯಲಾಗದೆ, ಬಟ್ಟೆ ಮಡಿಸುತ್ತ, ಏನೂ ದೊಡ್ಡ ವಿಷಯವಲ್ಲ ಎಂಬಂತೆ ಹೂಂ ಮುಂದೆ ಬಿಟ್ಟಳು:

"ಈಚೆಗೆ ನನಗೂ ಒಳಗಿಂದ ಒಂದು ನಾದ ಕೇಳಿಸುತ್ತೆ."

ಹೂಂ ಕೈಯಲ್ಲಿದ್ದ ದಿಂಬಿನ ಚೀಲ ಕೆಳಗಿಟ್ಟಳು. "ಒಂದು ಕಿವೀಲಾ ಅಕ್ಕ, ಎರಡರಲ್ಲೂ ಇದ್ಯಾ?"

ಆ ಕ್ಷಣ ದೊಡ್ಡಕ್ಕನಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬದಲಿಗೆ ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸಿದಳು. ತನಗೆ ಕೇಳಿಸಿದರೆ ಕಾಯಿಲೆ, ಅವಳಿಗೆ ಕೇಳಿಸಿದರೆ ಸಾಕ್ಷಾತ್ಕಾರ. ಇದ್ಯಾವ ನ್ಯಾಯದ ಆಸ್ಪತ್ರೆ.

ಕುರ್ಚಿಗೆ ಕುತ್ತು ಬಂದದ್ದು ಅದರ ಮುಂದಿನ ಶನಿವಾರ. ಔಷಧಿ ಅಂಗಡಿಯವರ ಸೊಸೆಯ ಅತ್ತೆ ಹತ್ತು ದಿನದಿಂದ ಆಸ್ಪತ್ರೆಯಲ್ಲಿದ್ದರು. ಎಲ್ಲರೂ ಕೂತ ಮೇಲೆ ಸೊಸೆ ಮೆಲ್ಲಗೆ, "ಅಕ್ಕ, ನಮ್ಮತ್ತೆ ಚೇತರಿಸ್ಕೊಂಡ್ರು. ಅವರ ಹೆಸರಲ್ಲಿ ಒಂದು ಪ್ರಾರ್ಥನೆ ಮಾಡಿ" ಎಂದಳು.

ದೊಡ್ಡಕ್ಕ ಗಾಂಭೀರ್ಯದಿಂದ ತಲೆಯಾಡಿಸಿ, ಕಣ್ಣು ಮುಚ್ಚಿ, ತನ್ನ ಅತ್ಯುತ್ತಮ ಧ್ವನಿಯಲ್ಲಿ ಆರಂಭಿಸಿದಳು. ಆ ತಾಯಿ ನಮ್ಮನ್ನೆಲ್ಲ ಅಗಲಿದ್ದಾರೆ. ಅವರ ನೋವೆಲ್ಲ ಮುಗಿಯಿತು. ನಿನ್ನ ಪಾದದ ಬಳಿ ಅವರಿಗೆ ಜಾಗ ಕೊಡು. ಈ ಸೊಸೆಗೆ ದುಃಖ ತಡೆಯುವ ಶಕ್ತಿ ಕೊಡು.

ಸೊಸೆ ಬೆಚ್ಚಿ ಕಣ್ಣು ಬಿಟ್ಟಳು. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಆಸೆ ಮಿಂಚಿ ಮರೆಯಾಯಿತು ಎಂದು ಟೈಲರಮ್ಮ ಆಮೇಲೆ ಬೀದಿಯಲ್ಲೆಲ್ಲ ಹೇಳಿದಳು. ಹೆಡ್‌ಮಿಸ್ಟ್ರೆಸ್ ಗಂಟಲು ಸರಿಮಾಡಿಕೊಂಡರು. ಅದೂ ಕೇಳಿಸದ ದೊಡ್ಡಕ್ಕ ಸ್ವರ್ಗದ ವರ್ಣನೆಗೆ ಹೋದಳು. ಕೊನೆಗೆ ಅಜ್ಜಿ, ಅವತ್ತು ಮಿಷನ್ ಹಾಕಿಕೊಂಡೇ ಕೂತಿದ್ದವಳು, ಗಟ್ಟಿಯಾಗಿ ಹೇಳಿದಳು: "ತೀರ್ಕೊಂಡಿಲ್ಲ ಕಣೇ. ಚೇತರಿಸ್ಕೊಂಡ್ರಂತೆ. ಬೆಳಿಗ್ಗೆ ನಾನೇ ಮಾತಾಡಿಸ್ಕೊಂಡು ಬಂದೆ, ಎರಡು ಬಾಳೆಹಣ್ಣು ತಿಂದ್ರು."

ಮೊದಲು ನಕ್ಕದ್ದು ಟೈಲರಮ್ಮ. ಆಮೇಲೆ ತಡೆ ಒಡೆಯಿತು, ಸೊಸೆಯೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗದೆ ಕೂತಿದ್ದವಳು ಹೂಂ ಒಬ್ಬಳೇ. ಅವಳು ದೊಡ್ಡಕ್ಕನ ಕಿವಿಯನ್ನು ನೋಡುತ್ತಿದ್ದಳು.

ಚಹಾ ಕುಡಿಯುವಾಗ ಹೆಡ್‌ಮಿಸ್ಟ್ರೆಸ್ ಹೇಳಿದರು, "ನೀವೂ ಎಷ್ಟು ಅಂತ ಮಾಡ್ತೀರಿ. ಮುಂದಿನ ತಿಂಗಳಿಂದ ಹೂಂ ನಡೆಸ್ಲಿ, ನೀವು ಆರಾಮಾಗಿ ಕೂತ್ಕೊಳ್ಳಿ."

"ಊಹೂಂ," ಎಂದಳು ಹೂಂ. "ಅಕ್ಕ ಇರುವಾಗ ನಾನು ಕೂರಲ್ಲ."

ಹೀಗೆ ಬಿಟ್ಟುಕೊಟ್ಟ ಕುರ್ಚಿಯ ಮೇಲೆ ಕೂರುವುದು ದೊಡ್ಡಕ್ಕನಿಗೆ ಮುಳ್ಳಿನ ಮೇಲೆ ಕೂತಷ್ಟೇ ಸುಖವಾಗಿತ್ತು. ಅಡುಗೆಮನೆಯಲ್ಲಿ ಹೂಂ ಹತ್ತಿರ ಬಂದು, "ಅಕ್ಕ, ಒಂದ್ಸಲ ನನ್ನ ಹತ್ರ ಬಂದು ಕೂತ್ಕೊಳ್ಳಿ" ಎಂದಾಗ, "ಇಪ್ಪತ್ಮೂರು ವರ್ಷದಿಂದ ನಿನ್ನ ಹತ್ರಾನೇ ಇದ್ದೀನಲ್ಲ, ಇನ್ನೆಷ್ಟು ಹತ್ರ ಬರಲಿ" ಎಂದು ಬಾಯಿ ಮುಚ್ಚಿಸಿದಳು.

ಆದರೆ ಚೇತರಿಕೆಗೂ ತೀರಿಕೆಗೂ ನಡುವೆ ತನ್ನಿಂದ ಜಾರಿಹೋದ ಆ ಎರಡು ಅಕ್ಷರ ಅವಳನ್ನು ಬಿಡಲಿಲ್ಲ. ಇವತ್ತು ಒಬ್ಬರನ್ನು ಕೊಂದಾಯಿತು. ನಾಳೆ ಸತ್ತವರಿಗೆ ದೀರ್ಘಾಯುಸ್ಸು ಕೋರಿದರೆ ಕುರ್ಚಿಯನ್ನು ಹೂಂ ಕೊಟ್ಟರೂ ಕೂಟ ಕೊಡುವುದಿಲ್ಲ. ಮಂಗಳವಾರ ಹೂಂ ಯಾವುದೋ ಕಾರ್ಖಾನೆಗೆ ಕೆಲಸಗಾರರ ಕಿವಿ ನೋಡಲು ಹೋಗುತ್ತಾಳೆ ಎಂದು ತಿಳಿದಿತ್ತು. ಅವಳಿಲ್ಲದ ದಿನ ಬೇರೆ ಯಾರ ಹತ್ತಿರವಾದರೂ ತೋರಿಸಿ ಬಂದರಾಯಿತು. ಮಂಗಳವಾರ ಮೂರನೇ ಮಹಡಿಯ ಆ ವಿಭಾಗದಲ್ಲಿ ಚೀಟಿ ಮಾಡಿಸಿ, ಸೆರಗು ತಲೆ ಮೇಲೆ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕೂತಳು.

"ಸ್ವಲ್ಪ ಕಾಯ್ಬೇಕಾಗುತ್ತೆ ಅಮ್ಮಾ," ಎಂದಳು ಚೀಟಿ ಬರೆಯುವವಳು. "ಮೇಡಂ ಒಳಗಿದ್ದಾರೆ. ಇವತ್ತು ಕಾರ್ಖಾನೆಗೆ ಹೋಗ್ಬೇಕಿತ್ತು, ಗಾಡಿ ಬರ್ಲಿಲ್ಲ."

ಎದ್ದು ಹೋಗೋಣ ಎಂದರೆ ಚೀಟಿ ಒಳಗೆ ಹೋಗಿಯಾಗಿತ್ತು.

ಅರ್ಧ ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಕಾಣುತ್ತಿತ್ತು. ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ, ದೊಡ್ಡ ಬೀರುವಿನಷ್ಟು, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಅಂಗೈ ದಪ್ಪದ ಬಾಗಿಲು, ಎರಡು ಪದರದ ಗಾಜಿನ ಕಿಟಕಿ. ಗಾಜಿನಾಚೆ ಹೆಡ್‌ಫೋನ್ ಹಾಕಿದ ಒಬ್ಬ ಮುದುಕ, ಈಚೆ ಗುಂಡಿಗಳ ಮುಂದೆ ಹೂಂ. ಮುದುಕ ಸದ್ದು ಬರುವ ಮೊದಲೇ ಬೆರಳೆತ್ತುತ್ತಿದ್ದ. ಹೂಂ ಬಾಗಿಲು ತೆಗೆದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು: "ಅಪ್ಪಾಜಿ, ಇದ್ರಲ್ಲಿ ಪಾಸು ಫೇಲು ಇಲ್ಲ. ಕೇಳಿಸಿದ್ರೆ ಎತ್ತಿ. ಕೇಳಿಸ್ದಿದ್ರೆ ಸುಮ್ಮನಿರಿ, ಏನೂ ತಪ್ಪಿಲ್ಲ." ಮನೆಯಲ್ಲಿ ಇಲ್ಲದ ಒಂದು ಎತ್ತರ ಅವಳಿಗೆ ಇಲ್ಲಿತ್ತು. ಅದು ಬಿಳಿ ಕೋಟಿನದಲ್ಲ; ದೊಡ್ಡಕ್ಕ ಬಹಳ ಹುಡುಕಿದಳು, ಕೋಟಿನದಾಗಿದ್ದರೆ ಸಮಾಧಾನವಾಗುತ್ತಿತ್ತು.

"ನಿಮ್ಮ ಮೇಡಂ ಒಳ್ಳೇವ್ರಾ?" ಎಂದು ಕೇಳಿದಳು ಚೀಟಿಯವಳನ್ನು, ಬೇರೇನಾದರೂ ಸಿಗಬಹುದೆಂದು.

"ಅವರು ಒಂಥರಾ ಬೇರೆ ಅಮ್ಮಾ," ಎಂದು ಆ ಹುಡುಗಿ ದನಿ ತಗ್ಗಿಸಿದಳು. ದೊಡ್ಡಕ್ಕ ಅವಳ ತುಟಿಗೇ ಕಣ್ಣು ನೆಟ್ಟಳು. "ದಿನಾ ಎಲ್ಲರಿಗಿಂತ ಮುಂಚೆ ಬರ್ತಾರೆ. ಮಿಷನ್ ನೋಡೋದು ಐದು ನಿಮಿಷದ ಕೆಲಸ. ಅದಾದ್ಮೇಲೂ ಎಲ್ಲ ಆರಿಸಿ ಆ ಪೆಟ್ಟಿಗೆಯೊಳಗೆ ಬಾಗಿಲು ಹಾಕ್ಕೊಂಡ್ ಕೂತಿರ್ತಾರೆ, ಕಾಲು ಗಂಟೆ. ಕಣ್ಣು ಮುಚ್ಚಿರುತ್ತೆ. ಮುಖ ನೋಡ್ಬೇಕು ನೀವು. ನಾವು ಯಾರೂ ತಟ್ಟಲ್ಲ."

ದೊಡ್ಡಕ್ಕನ ಕೈಯಲ್ಲಿದ್ದ ಚೀಟಿ ಮುದುಡಿ ಉಂಡೆಯಾಯಿತು. ಹಾಗಾದರೆ ನಿಜ. ಚೀಲದ ಕತೆ ಹೇಳಿ ನಂಬಿಸಿ, ಒಳಗೊಳಗೆ ದಿನಾ ಕಾಲು ಗಂಟೆ ತಾನೊಬ್ಬಳೇ ಪಡೆಯುತ್ತಿದ್ದಾಳೆ. ತನಗೆ ಮಂಚದ ಅಂಚು, ಅವಳಿಗೆ ದೇವರಿಗೆಂದೇ ಕಟ್ಟಿಸಿದಂಥ ಕೋಣೆ, ಅದೂ ಸಂಬಳದ ಸಮೇತ.

ಕರೆದಾಗ ಹೂಂ ಮುಖದಲ್ಲಿ ಆಶ್ಚರ್ಯ ಒಂದು ಕ್ಷಣ ಬಂತು, ಹೋಯಿತು. "ಬನ್ನಿ ಅಕ್ಕ" ಎಂದಳು ಅಷ್ಟೆ. ಒಳಗೆ ಕೂರಿಸಿದಳು, ಹೆಡ್‌ಫೋನ್ ತೊಡಿಸುವಾಗ ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು, ಬಾಗಿಲು ಹಾಕಿದಳು.

ಪ್ರಪಂಚ ನಿಂತುಹೋಯಿತು. ಮೊದಮೊದಲು ದಪ್ಪ ಸದ್ದುಗಳು, ಹಡಗಿನ ಕೂಗಿನಂಥವು, ಸುಲಭ. ದೊಡ್ಡಕ್ಕ ಫಸ್ಟ್ ಕ್ಲಾಸಿನ ಹುಮ್ಮಸ್ಸಿನಲ್ಲಿ ಬೆರಳೆತ್ತಿದಳು. ಸದ್ದು ತೆಳುವಾಗುತ್ತ, ಮೇಲೇರುತ್ತ ಹೋಯಿತು. ಆಮೇಲೆ ಬರಲೇ ಇಲ್ಲ. ಗಾಜಿನಾಚೆ ಹೂಂಳ ಬಲಭುಜ ಗುಂಡಿ ಒತ್ತಿದಾಗಲೆಲ್ಲ ಒಂದಿಷ್ಟೇ ಅಲುಗುತ್ತಿತ್ತು. ಭುಜ ಅಲುಗಿದರೆ ಸದ್ದು ಬಂದಿರಬೇಕು. ದೊಡ್ಡಕ್ಕ ಭುಜ ನೋಡಿ ಬೆರಳೆತ್ತಿದಳು. ಮತ್ತೆ ನೋಡಿದಳು, ಎತ್ತಿದಳು. ಐದು ಸಲ. ಈಗ ತನಗೂ ನಾಲ್ಕು ಸಾವಿರ ಕೇಳಿಸುತ್ತಿದೆ.

ಬಾಗಿಲು ತೆರೆಯಿತು. ಹೂಂ ಏನೂ ಹೇಳದೆ ಕುರ್ಚಿಯನ್ನು ದೊಡ್ಡಕ್ಕನ ಸಮೇತ ಗೋಡೆಯ ಕಡೆ ತಿರುಗಿಸಿ, ಹೊರಗೆ ಹೋಗಿ ಬಾಗಿಲು ಹಾಕಿದಳು.

ಎದುರಿಗೆ ಬೂದು ಸ್ಪಂಜು. ಕಾಪಿ ಹೊಡೆಯಲು ಯಾರ ಭುಜವೂ ಇಲ್ಲ. ದೊಡ್ಡಕ್ಕ ಬೆರಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೇಳಿಸಲಿಲ್ಲ. ಎತ್ತಲಿಲ್ಲ. ಮತ್ತೂ ಕೇಳಿಸಲಿಲ್ಲ. ಹುಟ್ಟಿದಾರಭ್ಯ ಗೊತ್ತಿಲ್ಲದ ಪ್ರಶ್ನೆಗೂ ಉತ್ತರ ಬರೆದು ಬಂದವಳು, ಅಷ್ಟು ಹೊತ್ತು ಖಾಲಿ ಕಾಗದ ಬಿಟ್ಟು ಕೂತದ್ದು ಅದೇ ಮೊದಲು. ಯಾಕೋ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಎತ್ತಿದರೆ ಕೇಳಿಸಿತು ಎಂದು ಅವಳು ಬರೆದುಕೊಂಡಾಳು ಎಂದು ಹಾಗೇ ಬಿಟ್ಟಳು.

ಕಾಗದದ ಮೇಲೆ ಗೆರೆಗಳು ಎಡಗಡೆ ಎತ್ತರದಲ್ಲಿ ಆರಂಭವಾಗಿ ಬಲಕ್ಕೆ ಬರುತ್ತ ಜಾರುಬಂಡೆಯ ಹಾಗೆ ಇಳಿದಿದ್ದವು. "ದಪ್ಪ ಸದ್ದೆಲ್ಲ ಚೆನ್ನಾಗಿದೆ ಅಕ್ಕ. ತೆಳ್ಳಗಿರೋದು ಹೋಗಿದೆ. ಚ, ಸ, ಅಂಥ ಅಕ್ಷರ. ಆ ಝೇಂಕಾರಾನೂ ಇದರದ್ದೇ." ಪೆಟ್ಟಿಗೆಯಿಂದ ಕಡಲೆಕಾಳಿನಷ್ಟು ದೊಡ್ಡ ಎರಡು ಮಿಷನ್ ತೆಗೆದು, ಒಂದೊಂದಾಗಿ ಕಿವಿಗೆ ಕೂರಿಸಿದಳು. "ಸುಮ್ಮನೆ ಹಾಕಿ ನೋಡಿ. ಕೂಟದವರಿಗೆ ನಾನಾಗಿ ಹೇಳಲ್ಲ. ಕುರ್ಚಿ ನಿಮ್ಮದೇ."

ಆ ಕೊನೆಯ ‘ಸ’ ‘ಚ’ಗಳು ಎಷ್ಟೋ ವರ್ಷದ ಮೇಲೆ ಊರಿಗೆ ಬಂದ ನೆಂಟರ ಹಾಗೆ ಒಳಗೆ ಬಂದವು. ಕಾಗದ ಸರಿದರೆ ಸರ್ ಎಂದಿತು. ಗಡಿಯಾರಕ್ಕೆ ನಾಲಿಗೆ ಇತ್ತು. ಹೂಂ ಧ್ವನಿ ತಾನು ತಿಳಿದಿದ್ದಕ್ಕಿಂತ ತೆಳ್ಳಗಿತ್ತು, ಹುಡುಗಿಯ ಧ್ವನಿ.

ಸಂತೋಷವಾಗಬೇಕಿತ್ತು. ಆದರೆ ಕಿವಿ ಬಂದದ್ದೇ ಕಿಚ್ಚೂ ಹೊಸದಾಗಿ ಬಂತು. ಚೀಟಿಯವಳ ಮಾತು ಒಳಗೆ ಕುದಿಯುತ್ತಿತ್ತು. ಕುರ್ಚಿ ಯಾರಿಗೆ ಬೇಕು, ಕುರ್ಚಿಯಲ್ಲಿ ಕೂತು ಸಿಗದ್ದು ಈ ಬೀರುವಿನಲ್ಲಿ ಇವಳಿಗೆ ಸಿಗುತ್ತಿದ್ದರೆ. ದೊಡ್ಡಕ್ಕ ಎದ್ದುಹೋಗಿ ಕೋಣೆಯ ಬಾಗಿಲು ಮುಂದಕ್ಕೆ ತಳ್ಳಿ, ತಿರುಗಿ ಬಂದಳು.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು. ವಿನಯ ಗಿನಯ ಬೇಡ."

"ಹೂಂ," ಎಂದಳು ಹೂಂ.

"ದಿನಾ ಬೆಳಿಗ್ಗೆ ಎಲ್ಲ ಆರಿಸಿ ಇದರೊಳಗೆ ಕೂರ್ತೀಯಂತೆ. ಕಾಲು ಗಂಟೆ. ನನಗೆ ಗೊತ್ತಾಯ್ತು." ಧ್ವನಿ ನಡುಗಿತು; ನಡುಗಿದ್ದೂ ಈಗ ಅವಳಿಗೇ ಕೇಳಿಸಿತು. "ನಾನೂ ಇಪ್ಪತ್ತೆರಡು ವರ್ಷ ಕೂತಿದ್ದೀನಿ ಕಣೇ, ನನಗೊಂದು ಪಿಸುಮಾತೂ ಬರ್ಲಿಲ್ಲ. ಹೊರಗಿನ ಸದ್ದೆಲ್ಲ ನಿಂತ ಮೇಲೆ, ಅಲ್ಲಿ ನಿನಗೆ ಯಾರ ಧ್ವನಿ ಕೇಳಿಸುತ್ತೆ?"

ಹೂಂ ತಲೆ ತಗ್ಗಿಸಿದಳು. ಮೇಜಿನ ಮೇಲಿದ್ದ ಕಾಗದವನ್ನು ಸರಿಮಾಡಿದಳು, ಮತ್ತೆ ಸರಿಮಾಡಿದಳು. ಹೇಳಲೋ ಬೇಡವೋ ಎಂದು ಕಷ್ಟಪಡುತ್ತಿರುವುದು ಕಾಣುತ್ತಿತ್ತು.

"ನಿಮ್ಮದೇ ಅಕ್ಕ," ಎಂದಳು ಕೊನೆಗೆ. "‘ಗ್ಯಾಸ್ ಆಫ್ ಮಾಡಿದ್ಯೇನೇ’ ಅಂತ. ಮಾಡಿದ್ನಾ ಇಲ್ವಾ ಅಂತ ನೆನಪಿಸ್ಕೊಳ್ಳೋಕೇ ಕಾಲು ಗಂಟೆ ಬೇಕಾಗುತ್ತೆ."